ಸೂತ್ರಧಾರನ ಕೈಯಲ್ಲಿದ್ದದ್ದು ಯಾವ ದಾರ?

ನಮ್ಮ ಪತ್ರಿಕೆಗಳಲ್ಲಿ ಒಂದು ಅಘೋಷಿತ ಪದ್ಧತಿ ಇದೆ, ಗಮನಿಸಿದ್ದೀರಾ? ಅಣೆಕಟ್ಟು ಕಟ್ಟಿಸಿದವರು, ಸಹಕಾರ ಸಂಘ ಬೆಳೆಸಿದವರು ‘ರೂವಾರಿ’ ಆಗುತ್ತಾರೆ. ದರೋಡೆ ಮಾಡಿಸಿದವನು, ಹಗರಣ ನಡೆಸಿದವನು ‘ಸೂತ್ರಧಾರ’ ಆಗುತ್ತಾನೆ. ಒಳ್ಳೆ ಕೆಲಸಕ್ಕೆ ರೂವಾರಿ, ಕೆಟ್ಟ ಕೆಲಸಕ್ಕೆ ಸೂತ್ರಧಾರ. ಶಾಸನ ಓದುವವರಿಗೆ ಇದು ಸ್ವಲ್ಪ ತಮಾಷೆಯಾಗಿ ಕಾಣುತ್ತದೆ, ಯಾಕೆಂದರೆ ಇವೆರಡೂ ಕಲ್ಲು ಕೆಲಸದವರ ಪದಗಳು. ರೂವಾರಿ ಅಂದರೆ ‘ರೂಪಕಾರಿ’, ರೂಪ ಕಡೆಯುವವನು. ಹೊಯ್ಸಳರ ಕಾಲದ ಶಿಲ್ಪಿಗಳ ಹೆಸರಿನ ಜೊತೆ ಈ ಪದ ಮತ್ತೆ ಮತ್ತೆ ಬರುತ್ತದೆ. ಸೂತ್ರಧಾರ (ಕನ್ನಡ ಶಾಸನದಲ್ಲಿ ಸೂತ್ರಧಾರಿ) ಅಂದರೆ ಕಟ್ಟಡದ ಯಜಮಾನ. ಅಣ್ಣತಮ್ಮಂದಿರಂಥ ಎರಡು ಪದಗಳಲ್ಲಿ ಒಂದಕ್ಕೆ ಸನ್ಮಾನ, ಇನ್ನೊಂದಕ್ಕೆ ಎಫ್‌ಐಆರ್!

ಇದು ಹೇಗಾಯಿತು ಅನ್ನುವುದನ್ನು ಊಹಿಸುವುದು ಕಷ್ಟವಲ್ಲ. ನಡುವೆ ನಾಟಕ ಬಂತು, ನಾಟಕದ ಜೊತೆ ಬೊಂಬೆಯಾಟ ಸೇರಿಕೊಂಡಿತು. ಸೂತ್ರ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಸೂತ್ರದ ಬೊಂಬೆ. ಮೇಲಿನಿಂದ ದಾರ ಎಳೆಯುವವನೊಬ್ಬ, ಕೆಳಗೆ ಕುಣಿಯುವವರು ಹಲವರು. ಹೀಗಾಗಿ ತೆರೆಮರೆಯಲ್ಲಿ ಕೂತು ಆಡಿಸುವವನೆಲ್ಲ ಸೂತ್ರಧಾರ. ಸಂಸ್ಕೃತ ನಾಟಕದ ಸೂತ್ರಧಾರನಿಗೂ ಹೆಸರು ಬಂದದ್ದು ಇಲ್ಲಿಂದಲೇ, ಆದ್ದರಿಂದ ಭಾರತದ ನಾಟಕ ಹುಟ್ಟಿದ್ದೇ ಬೊಂಬೆಯಾಟದಿಂದ ಅನ್ನುವ ಮಾತು ಈಗ ಎಲ್ಲ ಕಡೆ ಓಡಾಡುತ್ತಿದೆ. ದೇವಸ್ಥಾನ ತೋರಿಸುವ ಉತ್ಸಾಹಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಾಸನದಲ್ಲಿ ‘ಸೂತ್ರಧಾರಿ’ ಕಂಡರೆ ‘ನಾಟಕದ ನಿರ್ದೇಶಕ’ ಅಂತ ವಿವರಿಸುವುದೂ ಇದೆ. ಹಾಗೆ ವಿವರಿಸಿದಾಗ ಆ ದೇವಸ್ಥಾನ ಕಟ್ಟಿದ ಮನುಷ್ಯನ ಹೆಸರೇ ಅವನ ಕಟ್ಟಡದಿಂದ ಬೇರೆಯಾಗಿ ಹೋಗುತ್ತದೆ. ನಮ್ಮಲ್ಲಿ ಕಟ್ಟಿಸಿದ ರಾಜರ ಹೆಸರು ಸಾವಿರ ಸಿಗುತ್ತವೆ, ಕಟ್ಟಿದವರ ಹೆಸರು ಸಿಗುವುದು ಅಪರೂಪ. ಸಿಕ್ಕಿದ್ದನ್ನೂ ಕಳೆದುಕೊಳ್ಳಬಾರದು ಅಂತ ಈ ಲೇಖನ.

ಮೊದಲು ಪಟ್ಟದಕಲ್ಲಿಗೆ ಹೋಗೋಣ. ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ಲೋಕೇಶ್ವರವೇ ಇವತ್ತಿನ ವಿರೂಪಾಕ್ಷ ದೇವಾಲಯ. ಕಾಲ ಎಂಟನೇ ಶತಮಾನದ ನಡುಭಾಗ. ಇಲ್ಲಿನ ಶಾಸನಗಳು ಕಟ್ಟಿದವರ ಬಗ್ಗೆ ಧಾರಾಳವಾಗಿ ಮಾತಾಡುತ್ತವೆ. ಗುಂಡ ಎಂಬ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಕೊಟ್ಟು ಗೌರವಿಸಿದ ವಿಷಯ ಇದೆ. ಸರ್ವಸಿದ್ಧಿ ಆಚಾರಿಯ ಹೊಗಳಿಕೆ ಇದೆ. ಅವನು ಅನೇಕ ಪುರಗಳ ವಾಸ್ತುವಿಗೆ ಪಿತಾಮಹ, ಮನೆ, ಪ್ರಾಸಾದ, ವಾಹನ, ಆಸನ, ಮಂಚ, ಕಿರೀಟ ಎಲ್ಲದರಲ್ಲೂ ನಿಪುಣ. ಆ ಹೊಗಳಿಕೆಯ ಕೊನೆಗೆ ಬರುವ ಪದವಿ ‘ತೆಂಕಣ ದಿಶೆಯ ಸೂತ್ರಧಾರಿ’. ತೆಂಕಣ ದಿಶೆ ಅಂದರೆ ದಕ್ಷಿಣ ದೇಶ. ಇಡೀ ದಕ್ಷಿಣಕ್ಕೆ ಸೂತ್ರಧಾರಿ ಅಂತ ಒಬ್ಬ ಕಟ್ಟಡದ ಯಜಮಾನನನ್ನು ಕರೆದಿದ್ದಾರೆ. ಪಟ್ಟಿಯಲ್ಲಿ ಹಾಡು ಇಲ್ಲ, ಅಭಿನಯ ಇಲ್ಲ. ಇರುವುದೆಲ್ಲ ಅಳತೆ, ಆಕಾರ, ಕಟ್ಟಣೆ.

ಹಾಗಂತ ಪಟ್ಟದಕಲ್ಲಿನಲ್ಲಿ ರಂಗಭೂಮಿಯವರು ಇರಲಿಲ್ಲವೇ? ಇದ್ದರು. ವಿಜಯಾದಿತ್ಯ ಗಾಂಧರ್ವರಿಗೆ, ಅಂದರೆ ಹಾಡುಗಾರರಿಗೆ, ಕೊಟ್ಟಿದ್ದ ಮರ್ಯಾದೆಯನ್ನು ಲೋಕಮಹಾದೇವಿ ಮುಂದುವರಿಸಿದ್ದನ್ನು ಅಲ್ಲಿಯ ಒಂದು ಶಾಸನ ಹೇಳುತ್ತದೆ. ಅದೇ ಊರಿನ ಇನ್ನೊಂದು ಬರಹ ಭರತನ ಮತವನ್ನು ಅನುಸರಿಸುವ ಅಚಲ ಎಂಬ ನಟನನ್ನು ಹೊಗಳುತ್ತದೆ. ಕನ್ನಡ ನಾಡಿನ ಅಷ್ಟು ಹಳೆಯ ಒಬ್ಬ ನಟನ ಹೆಸರು ನಮಗೆ ಸಿಕ್ಕಿರುವುದೇ ಒಂದು ಭಾಗ್ಯ. ಆದರೆ ಪದಗಳ ಹಂಚಿಕೆ ನೋಡಿ: ಒಂದೇ ಊರು, ಒಂದೇ ಶತಮಾನ. ಆಡುವವನು ‘ನಟ’, ಹಾಡುವವರು ‘ಗಾಂಧರ್ವರು’, ಕಟ್ಟಿದವನು ‘ಸೂತ್ರಧಾರಿ’. ಗೊಂದಲಕ್ಕೆ ಜಾಗವೇ ಇಲ್ಲ.

ಸೈಟಿನಲ್ಲಿ ನಿಂತವರಿಗೆ ಈ ಪದವಿಯ ತೂಕ ತಕ್ಷಣ ಗೊತ್ತಾಗುತ್ತದೆ. ಇವತ್ತಿಗೂ ಪಾಯ ತೆಗೆಯುವ ದಿನ ಮೊದಲು ಆಗುವ ಕೆಲಸ ದಾರ ಕಟ್ಟುವುದು. ನಾಲ್ಕು ಮೂಲೆಗೆ ಗೂಟ ಹೊಡೆದು, ದಾರ ಎಳೆದು, ಮೂರು ನಾಲ್ಕು ಐದರ ಲೆಕ್ಕದಲ್ಲಿ ಮೂಲೆ ನೋಡಿ, ದಾರದ ಗುಂಟ ಸುಣ್ಣದ ಪುಡಿ ಹಾಕುತ್ತಾರೆ. ಕಂಪ್ಯೂಟರಿನಲ್ಲಿ ಎಷ್ಟೇ ಚೆನ್ನಾಗಿ ನಕ್ಷೆ ಬರೆದಿರಲಿ, ಮಣ್ಣಿನ ಮೇಲೆ ಬರುವುದು ಆ ದಾರ ಹೇಳಿದ ಕಟ್ಟಡವೇ. ಅಲ್ಲಿ ಒಂದಂಗುಲ ತಪ್ಪಿದರೆ ಮೇಲೆ ಹೋಗ್ತಾ ಹೋಗ್ತಾ ಅದು ಎಲ್ಲರಿಗೂ ಕಾಣುವ ತಪ್ಪಾಗುತ್ತದೆ. ಅದಕ್ಕೇ ದಾರವನ್ನು ಯಾರೂ ಹೊಸ ಹುಡುಗನ ಕೈಗೆ ಕೊಡುವುದಿಲ್ಲ, ಮೇಸ್ತ್ರಿಯೇ ಹಿಡಿಯುತ್ತಾನೆ. (ಮೇಸ್ತ್ರಿ ಪದ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದದ್ದು. ಸೂತ್ರಧಾರಿ ಖಾಲಿ ಮಾಡಿದ ಕುರ್ಚಿಯಲ್ಲಿ ಬಂದು ಕೂತಿದೆ.) ದಕ್ಷಿಣದ ಶಿಲ್ಪಗ್ರಂಥ ಮಯಮತ ನಾಲ್ಕು ಬಗೆಯ ಕೆಲಸಗಾರರನ್ನು ಹೇಳುತ್ತದೆ: ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ. ಸೂತ್ರಗ್ರಾಹಿ ಅಂದರೂ ಸೂತ್ರ ಹಿಡಿದವನೇ. ಅಲ್ಲಿ ಅವನಿಗೆ ಸ್ಥಪತಿಯ ನಂತರದ ಎರಡನೇ ಸ್ಥಾನ. ಪಟ್ಟದಕಲ್ಲಿನಲ್ಲಿ ಮಾತ್ರ ಸೂತ್ರಧಾರಿ ಅನ್ನುವುದು ಮೊದಲನೆಯವನ ಪದವಿಯಾಗಿಯೇ ಕಾಣುತ್ತದೆ.

ಸರಿ, ಕಟ್ಟಡದ ಸೂತ್ರಧಾರಿ ನಾಟಕಕ್ಕೆ ಬಂದದ್ದು ಹೇಗೆ? ಇದಕ್ಕೆ ನಾಟ್ಯಶಾಸ್ತ್ರದ ಎರಡನೇ ಅಧ್ಯಾಯ ಓದಬೇಕು. ರಸ, ಭಾವ ಅಂತ ಓದುವವರು ಸಾಮಾನ್ಯವಾಗಿ ಹಾರಿಸಿಬಿಡುವ ಅಧ್ಯಾಯ ಇದು. ನಾನು ಹೆಚ್ಚು ಸಲ ಓದಿರುವುದು ಇದನ್ನೇ, ಯಾಕೆಂದರೆ ಇದು ಪಕ್ಕಾ ಸಿವಿಲ್ ಕೆಲಸ. ನಾಟ್ಯಮಂಟಪ ಕಟ್ಟುವ ವಿಧಾನ ಇಲ್ಲಿದೆ. ಅಣುವಿನಿಂದ ಶುರುವಾಗುವ ಅಳತೆಯ ಕೋಷ್ಟಕ ಇದೆ, ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಹಸ್ತ, ನಾಲ್ಕು ಹಸ್ತಕ್ಕೆ ಒಂದು ದಂಡ. ನೆಲ ಹದ ಮಾಡಿದ ಮೇಲೆ ಪುಷ್ಯ ನಕ್ಷತ್ರದಲ್ಲಿ ಬಿಳಿಯ ಸೂತ್ರ ಎಳೆಯಬೇಕು. ಸೂತ್ರ ಹತ್ತಿಯದೋ, ಹುಲ್ಲಿನದೋ, ನಾರಿನದೋ ಆಗಬಹುದು, ಆದರೆ ಕಡಿಯಬಾರದು. ಅರ್ಧಕ್ಕೆ ಕಡಿದರೆ ಯಜಮಾನನಿಗೆ ಸಾವು, ಮೂರನೇ ಒಂದಕ್ಕೆ ಕಡಿದರೆ ರಾಜ್ಯದಲ್ಲಿ ಕ್ಷೋಭೆ, ನಾಲ್ಕನೇ ಒಂದಕ್ಕೆ ಕಡಿದರೆ ನಾಟಕ ಆಡಿಸುವವನಿಗೇ ಕೇಡು. ಕೈಯಿಂದ ಜಾರಿದರೂ ಏನೋ ಒಂದು ನಷ್ಟ.

ಶಕುನದ ಮಾತನ್ನು ಬದಿಗಿಟ್ಟು ಆ ಭಾಗಗಳನ್ನಷ್ಟೇ ನೋಡಿ. ಯಾಕೆ ಅರ್ಧ, ಯಾಕೆ ಕಾಲು? ಮಧ್ಯಮ ಅಳತೆಯ ಉದ್ದನೆ ಮಂಟಪಕ್ಕೆ ಭರತ ಹೇಳುವ ಲೆಕ್ಕ ಉದ್ದ 64 ಹಸ್ತ, ಅಗಲ 32 ಹಸ್ತ. ಹಸ್ತಕ್ಕೆ ಒಂದೂವರೆ ಅಡಿ ಹಿಡಿದರೆ ಸುಮಾರು 96 ಅಡಿಗೆ 48 ಅಡಿ. ಉದ್ದವನ್ನು ಅರ್ಧ ಮಾಡಿದರೆ ಮುಂದಿನ 32 ಪ್ರೇಕ್ಷಕರಿಗೆ. ಹಿಂದಿನ 32ನ್ನು ಮತ್ತೆ ಅರ್ಧ ಮಾಡಿದರೆ 16 ರಂಗಕ್ಕೆ, 16 ನೇಪಥ್ಯಕ್ಕೆ. ರಂಗದ 16ನ್ನು ಇನ್ನೊಮ್ಮೆ ಅರ್ಧ ಮಾಡಿದರೆ ಎಂಟು ರಂಗಪೀಠ, ಎಂಟು ರಂಗಶೀರ್ಷ. ಈ ಲೆಕ್ಕಕ್ಕೆ ಅಳತೆಕೋಲೇ ಬೇಡ! 64 ಹಸ್ತದ ಒಂದು ಹಗ್ಗ ಸಾಕು. ಒಮ್ಮೆ ಮಡಚಿ ಅಗಲ, ಎರಡನೇ ಸಲ ಮಡಚಿ ನೇಪಥ್ಯ, ಮೂರನೇ ಸಲ ಮಡಚಿ ರಂಗಪೀಠ. ಇಡೀ ನಾಟಕಶಾಲೆ ಒಂದು ಹಗ್ಗದ ಮಡಿಕೆಗಳೊಳಗೆ ಕೂತಿದೆ. ಮಡಚಿದ ಕಡೆ ಹಗ್ಗ ಸವೆಯುತ್ತದೆ, ಸವೆದ ಕಡೆ ಕಡಿಯುತ್ತದೆ, ಕಡಿದ ಹಗ್ಗ ಕಟ್ಟಿ ಅಳೆದರೆ ಅಳತೆ ಕೆಡುತ್ತದೆ. ಅರ್ಧಕ್ಕೂ ಕಾಲಿಗೂ ಶಕುನ ಹೇಳಿರುವುದರ ಹಿಂದೆ ಇಂಥ ಅನುಭವ ಇದ್ದಿರಬೇಕು ಅಂತ ನನ್ನ ಊಹೆ. ಊಹೆ ಅಂತಲೇ ತೆಗೆದುಕೊಳ್ಳಿ.

ಐದನೇ ಅಧ್ಯಾಯದಲ್ಲಿ ನಾಟಕ ಶುರುವಾಗುವ ಮೊದಲಿನ ಪೂರ್ವರಂಗ ಬರುತ್ತದೆ. ಸೂತ್ರಧಾರ ಇಬ್ಬರು ಸಹಾಯಕರ ಜೊತೆ ಬರುತ್ತಾನೆ. ಒಬ್ಬನ ಕೈಯಲ್ಲಿ ನೀರಿನ ಕಲಶ, ಇನ್ನೊಬ್ಬನ ಕೈಯಲ್ಲಿ ಜರ್ಜರ ಎಂಬ ಕೋಲು. ಅಳೆದ ಐದು ಹೆಜ್ಜೆ ಇಟ್ಟು ರಂಗದ ನಡುವಿನ ಬ್ರಹ್ಮನಿಗೆ ಹೂವು ಹಾಕುತ್ತಾನೆ. ವಾಸ್ತುವಿನಲ್ಲೂ ನಡುವಿನ ಜಾಗ ಬ್ರಹ್ಮನದೇ, ಮನೆ ಕಟ್ಟಿದವರಿಗೆಲ್ಲ ಗೊತ್ತು. ದಾರ ಹಿಡಿದು ನೆಲ ಅಳೆದವನೇ ಈಗ ಹೆಜ್ಜೆಯಲ್ಲಿ ರಂಗ ಅಳೆಯುತ್ತಿದ್ದಾನೆ ಅನ್ನಿಸುವುದಿಲ್ಲವೇ? ಇವನ ಕೆಲಸ ಮುಗಿದ ಮೇಲೆ ಕಥೆಯನ್ನು ಪರಿಚಯಿಸಲು ಬರುವವನ ಹೆಸರು ‘ಸ್ಥಾಪಕ’. ದೇವಾಲಯದ ಕಡೆ ನೋಡಿದರೆ ಕಟ್ಟಿದವನು ಸ್ಥಪತಿ, ಆಮೇಲೆ ಬಂದು ದೇವರನ್ನು ಪ್ರತಿಷ್ಠೆ ಮಾಡುವ ಆಚಾರ್ಯ ಸ್ಥಾಪಕ. ಕಟ್ಟಿಕೊಡುವವನೊಬ್ಬ, ನೆಲೆ ನಿಲ್ಲಿಸುವವನೊಬ್ಬ. ಜೋಡಿ ಹೀಗೆ ಎರಡೂ ಕಡೆ ಹೊಂದುವುದು ಬರೀ ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೂ ಬಲವಾದ ಸಾಕ್ಷಿ ಬೇಕಾದರೆ ಮಹಾಭಾರತದ ಆದಿಪರ್ವದಲ್ಲಿದೆ. ಜನಮೇಜಯನ ಸರ್ಪಯಾಗಕ್ಕೆ ಭೂಮಿ ಅಳೆಯುತ್ತಿದ್ದಾರೆ. ಅಳೆಯುವವನೊಬ್ಬ ಎದ್ದು, ಈ ಜಾಗದಲ್ಲಿ ಈ ಹೊತ್ತಿನಲ್ಲಿ ಅಳತೆ ಶುರುವಾಗಿದೆ, ಈ ಯಾಗ ಮುಗಿಯುವುದಿಲ್ಲ, ಒಬ್ಬ ಬ್ರಾಹ್ಮಣನ ಕಾರಣದಿಂದ ನಿಲ್ಲುತ್ತದೆ ಅಂತ ಭವಿಷ್ಯ ನುಡಿಯುತ್ತಾನೆ. ಮುಂದೆ ಆಸ್ತೀಕ ಬಂದು ಹಾಗೇ ಆಗುತ್ತದೆ. ಕಥೆಗಿಂತ ನನಗೆ ಮುಖ್ಯ, ಆ ಮನುಷ್ಯನಿಗೆ ಅಲ್ಲಿ ಬಳಸಿರುವ ಪದಗಳು: ಸ್ಥಪತಿ, ವಾಸ್ತುವಿದ್ಯಾವಿಶಾರದ, ಸೂತ್ರಧಾರ, ಸೂತ, ಪೌರಾಣಿಕ. ಐದೂ ಒಬ್ಬನಿಗೇ! ಮೊದಲ ಮೂರು ಕಟ್ಟಡದವು, ಕೊನೆಯ ಎರಡು ಕಥೆ ಹೇಳುವವನವು. ದಾರ ಹಿಡಿದು ನೆಲ ಅಳೆಯುವ ಕೈ ಮತ್ತು ಹಳೆಯ ಕಥೆ ಹೇಳುವ ಬಾಯಿ ಒಂದೇ ಮೈಯಲ್ಲಿ ಇದ್ದ ಕಾಲ ಒಂದಿತ್ತು ಅನ್ನುವುದಕ್ಕೆ ಇದಕ್ಕಿಂತ ಬೇರೆ ಏನು ಬೇಕು? ಯಾಗಶಾಲೆಯಿಂದ ನಾಟಕಶಾಲೆಗೆ ಈ ಪದ ನಡೆದುಕೊಂಡು ಹೋದ ದಾರಿ ಇಲ್ಲೇ ಎಲ್ಲೋ ಇದೆ.

ಈಗ ಬೊಂಬೆಯವರ ವಾದ ಕೇಳೋಣ, ಅದನ್ನು ಸುಮ್ಮನೆ ತಳ್ಳಿಹಾಕುವುದು ಸರಿಯಲ್ಲ. 1900ರ ಹೊತ್ತಿಗೆ ಜರ್ಮನ್ ವಿದ್ವಾಂಸ ರಿಚರ್ಡ್ ಪಿಶೆಲ್, ಬೊಂಬೆಯಾಟದ ತವರು ಭಾರತ, ಸೂತ್ರಧಾರ ಮತ್ತು ಸ್ಥಾಪಕ ಎಂಬ ಪದಗಳೇ ಅದಕ್ಕೆ ಗುರುತು ಅಂತ ವಾದಿಸಿದರು. ದಾರ ಹಿಡಿದವನು ಸೂತ್ರಧಾರ, ಬೊಂಬೆ ಜೋಡಿಸಿ ಇಡುವವನು ಸ್ಥಾಪಕ. ಕೇಳಲು ಚೆನ್ನಾಗಿದೆ. ದಾರ ಪೋಣಿಸಿದ ಮರದ ಹೆಂಗಸಿನ ಹೋಲಿಕೆ ಮಹಾಭಾರತದಲ್ಲೇ ಬರುವುದರಿಂದ ನಮ್ಮಲ್ಲಿ ಸೂತ್ರದ ಬೊಂಬೆ ಹಳೆಯದು ಅನ್ನುವುದೂ ನಿಜ. ಆದರೆ ಬೊಂಬೆ ಹಳೆಯದು ಅಂದ ಮಾತ್ರಕ್ಕೆ ನಾಟಕದ ಪದ ಅಲ್ಲಿಂದ ಬಂತು ಅಂತ ಆಗುವುದಿಲ್ಲ. ನಾಟ್ಯಶಾಸ್ತ್ರ ಸೂತ್ರದ ಬಗ್ಗೆ ಅಷ್ಟು ವಿವರವಾಗಿ ಹೇಳುವಾಗ ಆ ಸೂತ್ರ ನೆಲದ ಮೇಲೆ ಎಳೆಯುವಂಥದ್ದು, ಬೊಂಬೆಗೆ ಕಟ್ಟುವಂಥದ್ದಲ್ಲ. ಇನ್ನು ನಮ್ಮ ಕರಾವಳಿಯ ಕಡೆ ನೋಡಿ. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಯಕ್ಷಗಾನ ಬೊಂಬೆಯಾಟದಲ್ಲಿ ದಾರ ಹಿಡಿದು ಬೊಂಬೆ ಕುಣಿಸುವವರು ಬೇರೆ, ಹಾಡಿ ಆಟ ನಡೆಸುವ ಭಾಗವತ ಬೇರೆ. ದಾರ ಇರುವ ಕೈಯಲ್ಲಿ ಆಟದ ಲಗಾಮು ಇರಲೇಬೇಕು ಅಂತಿಲ್ಲ.

ಮೂರನೆಯ ಸಾಧ್ಯತೆಯೂ ಒಂದಿದೆ, ಸೂತ್ರ ಅಂದರೆ ನಿಯಮ. ಪಾಣಿನಿಯ ಸೂತ್ರ, ಬ್ರಹ್ಮಸೂತ್ರ ಇದ್ದ ಹಾಗೆ. ಹಾಡು, ವಾದ್ಯ, ಪಾಠ್ಯಗಳ ನಿಯಮ ಬಲ್ಲವನು ಸೂತ್ರಧಾರ ಅನ್ನುವ ಅರ್ಥದ ವಿವರಣೆ ನಾಟ್ಯಶಾಸ್ತ್ರದ ಕೊನೆ ಕೊನೆಯ ಅಧ್ಯಾಯಗಳಲ್ಲಿದೆ. ಇದನ್ನು ನಾನು ಒಪ್ಪುತ್ತೇನೆ, ಆದರೆ ಹುಟ್ಟು ಅಂತ ಅಲ್ಲ, ಆಮೇಲೆ ಬಂದ ಅರ್ಥ ಅಂತ. ನಿಯಮಕ್ಕೆ ‘ಸೂತ್ರ’ ಅನ್ನುವುದೇ ದಾರದಿಂದ ಬಂದ ರೂಪಕ ತಾನೇ?

ಉತ್ತರದ ಕಡೆ ಹೋದರೆ ಕಟ್ಟಡದ ಅರ್ಥ ಇವತ್ತಿನವರೆಗೂ ಜೀವಂತ. ಗುಜರಾತ್, ರಾಜಸ್ಥಾನದ ಬಡಗಿಗಳ ‘ಸುಥಾರ್’, ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಅಡ್ಡಹೆಸರಾಗಿ ಸಿಗುವ ‘ಸುತಾರ’, ಬಂಗಾಳದಲ್ಲಿ ಇಟ್ಟಿಗೆ ದೇವಾಲಯ ಕಟ್ಟಿದ ‘ಸೂತ್ರಧರ್’ ಸಮುದಾಯ, ಎಲ್ಲ ಇದೇ ಪದದ ಮಕ್ಕಳು. ರಾಜಸ್ಥಾನ, ಮಾಳವದ ಮಧ್ಯಯುಗದ ಶಾಸನಗಳ ಕೊನೆಯಲ್ಲಿ ‘ಸೂತ್ರಧಾರ ಇಂಥವನು ಕೆತ್ತಿದನು’ ಅನ್ನುವ ಸಾಲು ಮಾಮೂಲು. ಹದಿನೈದನೇ ಶತಮಾನದಲ್ಲಿ ಮೇವಾಡದ ಮಹಾರಾಣಾ ಕುಂಭನ ಆಶ್ರಯದಲ್ಲಿ ಶಿಲ್ಪಗ್ರಂಥ ಬರೆದ ಮಂಡನನನ್ನು ಎಲ್ಲರೂ ಗುರುತಿಸುವುದು ‘ಸೂತ್ರಧಾರ ಮಂಡನ’ ಅಂತಲೇ.

ಎರಡೂ ಅರ್ಥಗಳು ಅಕ್ಕಪಕ್ಕ ಕಾಣುವ ಊರೊಂದಿದೆ, ಮಾಳವದ ಧಾರ್. ಹನ್ನೊಂದನೇ ಶತಮಾನದಲ್ಲಿ ಅಲ್ಲಿ ಆಳಿದ ಪರಮಾರ ಭೋಜನ ವಾಸ್ತುಗ್ರಂಥದ ಹೆಸರು ‘ಸಮರಾಂಗಣ ಸೂತ್ರಧಾರ’. ಹೆಸರು ಕೇಳಿ ನಾಟಕ ಅಂದುಕೊಂಡವರಿದ್ದಾರೆ, ಒಳಗಿರುವುದೆಲ್ಲ ಊರು, ಮನೆ, ದೇವಾಲಯ, ಯಂತ್ರ. ಎರಡು ಶತಮಾನದ ನಂತರ ಅದೇ ಧಾರ್‌ನಲ್ಲಿ ಅರ್ಜುನವರ್ಮನ ಕಾಲದಲ್ಲಿ ಮದನ ಎಂಬ ಕವಿ ಬರೆದ ‘ಪಾರಿಜಾತಮಂಜರಿ’ ಎಂಬ ನಾಟಿಕೆಯನ್ನೇ ಕಲ್ಲಿನ ಮೇಲೆ ಕೆತ್ತಿಸಿದರು. 1903ರಲ್ಲಿ ಸಿಕ್ಕ ಆ ಫಲಕದಲ್ಲಿ ಮೊದಲ ಎರಡು ಅಂಕಗಳಿವೆ. ಪ್ರಸ್ತಾವನೆಯಲ್ಲಿ ಸೂತ್ರಧಾರ ಮತ್ತು ನಟಿ ಬಂದು, ವಸಂತೋತ್ಸವಕ್ಕೆ ಈ ನಾಟಕ ಆಡುತ್ತೇವೆ ಅಂತ ಮಾತಾಡುತ್ತಾರೆ. ಅಂದರೆ ಕಲ್ಲಿನೊಳಗೆ ಮಾತಾಡುವ ಸೂತ್ರಧಾರ ರಂಗದವನು, ಅದೇ ನಾಡಿನ ಬೇರೆ ಕಲ್ಲುಗಳ ಕೊನೆಯಲ್ಲಿ ಸಹಿ ಹಾಕುವ ಸೂತ್ರಧಾರ ಉಳಿ ಹಿಡಿದವನು. ನಾಟಕವನ್ನು ಕಲ್ಲಿಗೆ ಏರಿಸಿದ್ದು ಇದೊಂದೇ ಅಲ್ಲ. ಅಜ್ಮೇರಿನಲ್ಲಿ ಚಾಹಮಾನ ವಿಗ್ರಹರಾಜನ ‘ಹರಕೇಲಿ ನಾಟಕ’ 1153ರಲ್ಲೇ ಕಲ್ಲಿನ ಮೇಲೆ ಬಂದಿತ್ತು.

ಹಾಗಾದರೆ ಶಾಸನದಲ್ಲಿ ಈ ಪದ ಕಂಡಾಗ ಏನು ಮಾಡಬೇಕು? ಪದವನ್ನು ಒಂಟಿಯಾಗಿ ಓದಬೇಡಿ, ನೆರೆಹೊರೆ ನೋಡಿ. ಪಕ್ಕದಲ್ಲಿ ಆಚಾರಿ, ಓಜ, ದೇಗುಲ, ಮಾಡಿದ, ಕಂಡರಿಸಿದ ಅಂತಿದ್ದರೆ ಅವನು ಕಟ್ಟಿದವನು. ಗೀತ, ವಾದ್ಯ, ನೃತ್ಯ ಇದ್ದರೆ ರಂಗದ ಕಡೆ ಯೋಚಿಸಿ. ರಂಗದ ಬೇರೆ ಪದಗಳಿಗೂ ಇದೇ ಮಾತು. ದಾನಶಾಸನಗಳಲ್ಲಿ ಬರುವ ‘ಅಂಗಭೋಗ ರಂಗಭೋಗ’ ಎಲ್ಲರಿಗೂ ಗೊತ್ತು: ಅಂಗಭೋಗ ದೇವರ ಮೈಗೆ ಸಂಬಂಧಿಸಿದ ಅಭಿಷೇಕ, ಅಲಂಕಾರಕ್ಕೆ, ರಂಗಭೋಗ ದೇವರ ಮುಂದಿನ ಹಾಡು, ಕುಣಿತಕ್ಕೆ. ಇಲ್ಲಿ ರಂಗವನ್ನು ಬಣ್ಣ ಅಂತ ಓದಿದರೆ ದೇವಸ್ಥಾನಕ್ಕೆ ಸುಣ್ಣಬಣ್ಣ ಹೊಡೆಸಿದ ದಾನ ಆಗಿಬಿಡುತ್ತದೆ! ‘ಪಾತ್ರ’ ಇನ್ನೂ ಅಪಾಯದ ಪದ. ಇವತ್ತು ನಾಟಕದ ಪಾತ್ರ, ನದಿಯ ಪಾತ್ರ, ಅಡುಗೆಮನೆಯ ಪಾತ್ರೆ ಅಂತ ಹಂಚಿಹೋಗಿದೆ. ದೇವಾಲಯದ ದಾನದ ಪಟ್ಟಿಯಲ್ಲಿ ಪಾತ್ರ ಅಂದರೆ ಹೆಚ್ಚಾಗಿ ಕುಣಿಯುವ ಹೆಣ್ಣು, ಕಲಾವಿದೆ. ಪಾತ್ರಕ್ಕೆ ಇಷ್ಟು ಗದ್ಯಾಣ, ಇಷ್ಟು ಮತ್ತರು ಅಂತ ಬಂದರೆ ಅದು ಆಕೆಯ ಸಂಬಳ, ಪಾತ್ರೆ ಕೊಳ್ಳುವ ಖರ್ಚಲ್ಲ.

ಕನ್ನಡ ಶಾಸನದಲ್ಲಿ ಸೂತ್ರಧಾರ ಪದ ನಿಸ್ಸಂದೇಹವಾಗಿ ಕಲೆಯ ಕಡೆ ತಿರುಗಿದ್ದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಶ್ರವಣಬೆಳಗೊಳದಲ್ಲಿದೆ, ಅದೂ ಹೆಣ್ಣಿನ ಹೆಸರಿನ ಜೊತೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಶಾಸನದಲ್ಲಿ ಅವಳ ಬಿರುದುಗಳ ಉದ್ದನೆಯ ಸಾಲಿದೆ. ಬಸದಿಗೆ ಹೆಸರು ಬಂದದ್ದೂ ಅದರಲ್ಲಿನ ಒಂದು ಬಿರುದಿನಿಂದಲೇ, ಸವತಿಯರ ಪಾಲಿಗೆ ಮದ್ದಾನೆ ಅಂತ. ಅದೇ ಸಾಲಿನಲ್ಲಿ ‘ಗೀತವಾದ್ಯಸೂತ್ರಧಾರೆ’ ಅಂತ ಬರುತ್ತದೆ. ಹಾಡು, ವಾದ್ಯ ಎರಡನ್ನೂ ನಡೆಸುವ ಯಜಮಾನಿ. ನಾಟ್ಯಶಾಸ್ತ್ರ ಸೂತ್ರಧಾರನಿಗೆ ಬೇಕು ಅಂದ ವಿದ್ಯೆಯೇ ಇದು, ಇಲ್ಲಿ ರಾಣಿಯೊಬ್ಬಳ ಬಿರುದಾಗಿದೆ. ಇಲ್ಲಿ ಯಾರೂ ಕಟ್ಟಡದ ಅರ್ಥ ಎಳೆದು ತರಬೇಕಿಲ್ಲ. ಆದರೆ ಅದರ ಬೆನ್ನಿಗೇ ಬರುವ ಬಿರುದು ನೋಡಿ: ಜಿನಸಮಯಕ್ಕೆ ‘ಪ್ರಾಕಾರೆ’, ಅಂದರೆ ಜಿನಧರ್ಮಕ್ಕೆ ಕೋಟೆಗೋಡೆ. ಧಾರೆ, ಪ್ರಾಕಾರೆ ಅಂತ ಪ್ರಾಸ ಹೊಂದಿಸಲು ಶಾಸನಕವಿ ಹಾಗೆ ಬರೆದಿರಬಹುದು. ಪ್ರಾಸಕ್ಕೆ ಬೇರೆ ಪದವೂ ಸಿಗುತ್ತಿತ್ತು. ಸೂತ್ರಧಾರೆ ಅಂತ ಬರೆದ ಕೂಡಲೇ ಅವನಿಗೆ ಹೊಳೆದದ್ದು ಗೋಡೆ.